ಕಿರಣಕ್ಕೆ ಕೊನೆಗೂ ಸಿಕ್ಕ ಗುರಿ

2017ರಲ್ಲಿ ಚಿತ್ರದುರ್ಗದ ಬಯಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಒಂದು ಪರೀಕ್ಷೆ ನಡೆಸಿತು. ಟ್ರಕ್ಕಿನ ಮೇಲೆ ಒಂದು ಕಿಲೋವಾಟ್ ಲೇಸರ್. ಎದುರಿಗೆ 250 ಮೀಟರ್ ದೂರದಲ್ಲಿ ಲೋಹದ ಹಾಳೆ. ಕಿರಣ ಹಾಯಿಸಿದರು. ಹಾಳೆಗೆ ತೂತು ಬೀಳಲು 36 ಸೆಕೆಂಡು ಹಿಡಿಯಿತು. ಒಂದು ಕಿಲೋವಾಟ್ ಎಂದರೆ ಬಚ್ಚಲುಮನೆಯ ಗೀಸರ್ ಎಳೆಯುವ ವಿದ್ಯುತ್ತಿನ ಅರ್ಧ. ನಿಂತಲ್ಲೇ ನಿಂತ ಗುರಿ, ಕಾಲು ಕಿಲೋಮೀಟರ್ ದೂರ, ಅರ್ಧ ನಿಮಿಷಕ್ಕೂ ಮಿಕ್ಕ ಹೊತ್ತು. ಇದನ್ನು ಅಸ್ತ್ರ ಎನ್ನಲು ಧಾರಾಳ ಮನಸ್ಸು ಬೇಕಿತ್ತು.

ಎಂಟು ವರ್ಷ ಕಳೆದು, 2025ರ ಏಪ್ರಿಲ್ 13ರಂದು, ಅದೇ ಸಂಸ್ಥೆ ಆಂಧ್ರದ ಕರ್ನೂಲಿನ ಪರೀಕ್ಷಾ ಬಯಲಿನಲ್ಲಿ 30 ಕಿಲೋವಾಟ್ ಲೇಸರನ್ನು ಆಕಾಶದತ್ತ ತಿರುಗಿಸಿತು. ಅದರ ಹೆಸರು ‘ಮಾರ್ಕ್-2 ಎ’. ರೆಕ್ಕೆ ಚಾಚಿ ಹಾರುತ್ತಿದ್ದ ಮಾನವರಹಿತ ವಿಮಾನ ಸುಟ್ಟು ಉರುಳಿತು. ಒಟ್ಟಾಗಿ ನುಗ್ಗಿದ ಡ್ರೋನ್‌ಗಳು ನೆಲ ಕಂಡವು. ಕಣ್ಗಾವಲು ಸಾಧನಗಳು, ಆ್ಯಂಟೆನಾಗಳು ಕರಕಲಾದವು. ಗುಂಡಿನ ಸದ್ದಿಲ್ಲ, ಹೊಗೆಯ ಬಾಲವಿಲ್ಲ. ಕಿರಣವಂತೂ ಕಣ್ಣಿಗೆ ಕಾಣುವಂಥದ್ದೇ ಅಲ್ಲ. ಟಿ.ವಿ. ವಾಹಿನಿಗಳಿಗೆ ಅಂದು ‘ಸ್ಟಾರ್ ವಾರ್ಸ್’ ಎಂಬ ಶೀರ್ಷಿಕೆ ಸಿಕ್ಕಿತು. ಇಂಥ ಸಾಮರ್ಥ್ಯವಿರುವ ಬೆರಳೆಣಿಕೆಯ ದೇಶಗಳ ಸಾಲಿಗೆ ನಾವೂ ಸೇರಿದೆವು ಎಂದು ಡಿಆರ್‌ಡಿಒ ಮುಖ್ಯಸ್ಥ ಸಮೀರ್ ಕಾಮತ್ ಹೇಳಿದರು.

ಒಂದರಿಂದ ಮೂವತ್ತಕ್ಕೆ ಏರಿದ್ದು ಸಣ್ಣ ಮಾತಲ್ಲ, ಒಪ್ಪೋಣ. ಆದರೆ ಇಲ್ಲೊಂದು ಒಗಟಿದೆ. ಅಮೆರಿಕದ ಬಳಿ ಮೆಗಾವಾಟ್, ಅಂದರೆ ಹತ್ತು ಲಕ್ಷ ವಾಟ್ ಮಟ್ಟದ ಲೇಸರ್ 1980ರಲ್ಲೇ ಇತ್ತು. ‘ಮಿರಾಕಲ್’ ಎಂಬ ಆ ಯಂತ್ರ ಮುಂದೆ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್ ಮರುಭೂಮಿಯಲ್ಲಿ ನೆಲೆ ನಿಂತು, 1985ರಲ್ಲಿ ನೆಲಕ್ಕೆ ಬಿಗಿದಿಟ್ಟ ಟೈಟಾನ್ ರಾಕೆಟ್ಟಿನ ಒಡಲನ್ನು ಸಿಡಿಸಿಹಾಕಿತ್ತು. ಆಗಲೇ ಅಷ್ಟಿದ್ದ ಮೇಲೆ, ನಲವತ್ತೈದು ವರ್ಷದ ನಂತರ ಅದರ ಮೂವತ್ತನೇ ಒಂದು ಪಾಲಿನ ಲೇಸರ್ ಯಾಕೆ ಸುದ್ದಿಯಾಗುತ್ತದೆ? ಅಮೆರಿಕ, ಬ್ರಿಟನ್, ದಕ್ಷಿಣ ಕೊರಿಯಾಗಳೂ ಇವತ್ತು ಇಪ್ಪತ್ತು, ಮೂವತ್ತು, ಐವತ್ತು ಕಿಲೋವಾಟ್‌ಗಳ ಸುತ್ತಲೇ ಸುತ್ತುತ್ತಿರುವುದೇಕೆ?

ಉತ್ತರ ಹುಡುಕಲು ಲೇಸರ್ ಹುಟ್ಟುವುದಕ್ಕೂ ಮೊದಲಿನ ಒಂದು ಲೆಕ್ಕದಿಂದ ಹೊರಡಬೇಕು.

ಪೈಲಟ್‌ನ ರಕ್ತ ಬಿಸಿ ಮಾಡುವ ಲೆಕ್ಕ

1930ರ ದಶಕದ ಬ್ರಿಟನ್ನಿನಲ್ಲಿ ‘ಮೃತ್ಯುಕಿರಣ’ದ ಗುಲ್ಲು ಎದ್ದಿತ್ತು. ವಿಮಾನದ ಎಂಜಿನ್ ನಿಲ್ಲಿಸುವ, ಪೈಲಟ್‌ನನ್ನು ಕೂತಲ್ಲೇ ಕೊಲ್ಲುವ ಕಿರಣ ತನ್ನ ಬಳಿಯಿದೆ ಎಂದು ಹೇಳಿಕೊಂಡು ಬರುವವರಿಗೆ ಬರವಿರಲಿಲ್ಲ. ನೂರು ಗಜ ದೂರದ ಒಂದು ಕುರಿಯನ್ನು ಕೊಂದು ತೋರಿಸಿದವರಿಗೆ ಸಾವಿರ ಪೌಂಡ್ ಎಂದು ವಾಯು ಸಚಿವಾಲಯ ಬಹುಮಾನ ಇಟ್ಟಿತ್ತಂತೆ. ಕುರಿಗಳೆಲ್ಲ ಕ್ಷೇಮವಾಗಿ ಉಳಿದವು. ಕೊನೆಗೆ ಸಚಿವಾಲಯದ ಹ್ಯಾರಿ ವಿಂಪೆರಿಸ್, ರೇಡಿಯೊ ವಿಜ್ಞಾನಿ ರಾಬರ್ಟ್ ವಾಟ್ಸನ್-ವಾಟ್ ಅವರನ್ನೇ ಕೇಳಿದರು: ಇದು ಸಾಧ್ಯವೇ?

ವಾಟ್ಸನ್-ವಾಟ್ ತಮ್ಮ ಸಹಾಯಕ ಆರ್ನಲ್ಡ್ ವಿಲ್ಕಿನ್ಸ್‌ಗೆ ಪ್ರಶ್ನೆಯನ್ನು ಮರೆಮಾಚಿ ಕೊಟ್ಟರು. ಐದು ಕಿಲೋಮೀಟರ್ ದೂರ, ಒಂದು ಕಿಲೋಮೀಟರ್ ಎತ್ತರದಲ್ಲಿರುವ ಎಂಟು ಪಿಂಟ್ ನೀರನ್ನು 98 ಡಿಗ್ರಿ ಫ್ಯಾರನ್‌ಹೀಟ್‌ನಿಂದ 105ಕ್ಕೆ ಏರಿಸಲು ಎಷ್ಟು ರೇಡಿಯೊ ಶಕ್ತಿ ಬೇಕು? ವಿಲ್ಕಿನ್ಸ್ ದಡ್ಡರಲ್ಲ. ಎಂಟು ಪಿಂಟ್ ಎಂದರೆ ಮನುಷ್ಯನ ಮೈಯಲ್ಲಿರುವ ರಕ್ತ, 105 ಎಂದರೆ ಏಳಲಾಗದ ಜ್ವರ ಎಂಬುದು ಅವರಿಗೆ ತಕ್ಷಣ ಹೊಳೆಯಿತು. ಲೆಕ್ಕ ಹಾಕಿದರು. ಬೇಕಾದ ಶಕ್ತಿ ಅಂದಿನ ಯಾವ ಯಂತ್ರಕ್ಕೂ ಎಟುಕುವಂತಿರಲಿಲ್ಲ. ಹಾಗಾದರೆ ವಾಯು ಸಚಿವಾಲಯಕ್ಕೆ ಬೇರೇನು ಕೊಡಬಹುದು ಎಂದಾಗ ವಿಲ್ಕಿನ್ಸ್ ಒಂದು ಸಂಗತಿ ನೆನಪಿಸಿಕೊಂಡರು: ವಿಮಾನ ಹತ್ತಿರ ಹಾರಿದಾಗ ರೇಡಿಯೊ ಸಂಕೇತ ಕಲಕುವುದನ್ನು ಅಂಚೆ ಇಲಾಖೆಯವರು ಗಮನಿಸಿದ್ದರು. ಕೊಲ್ಲಲಾಗದಿದ್ದರೆ ಬೇಡ, ಕಂಡುಹಿಡಿಯಬಹುದಲ್ಲ! 1935ರ ಫೆಬ್ರುವರಿ 26ರಂದು ಡೇವೆಂಟ್ರಿ ಎಂಬಲ್ಲಿ ಹೇಫರ್ಡ್ ಬಾಂಬರ್ ವಿಮಾನವೊಂದನ್ನು ಹಾರಿಸಿ, ಅದರಿಂದ ಮರಳಿದ ರೇಡಿಯೊ ಅಲೆಯನ್ನು ಹಿಡಿದು ತೋರಿಸಿದರು. ಬ್ರಿಟನ್ನಿನ ರೇಡಾರ್ ಹುಟ್ಟಿದ್ದು ಹೀಗೆ.

ಮೃತ್ಯುಕಿರಣದ ಕನಸು ಅಂದು ಸೋತದ್ದು ಎರಡು ಕಡೆ: ಶಕ್ತಿ ಸಾಲಲಿಲ್ಲ, ಇದ್ದ ಶಕ್ತಿಯೂ ದೂರ ಹೋದಂತೆ ಹರಡಿಹೋಗುತ್ತಿತ್ತು. ಎರಡನೆಯದಕ್ಕೆ ಮದ್ದು ಸಿಕ್ಕಿದ್ದು 1960ರ ಮೇ 16ರಂದು. ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಕಡ್ಡಿಯೊಂದರಿಂದ ಜಗತ್ತಿನ ಮೊದಲ ಲೇಸರ್ ಬೆಳಕು ಹೊಮ್ಮಿಸಿದರು. ಒಂದೇ ಬಣ್ಣ, ಒಂದೇ ಹೆಜ್ಜೆ, ಸುಲಭಕ್ಕೆ ಹರಡದ ಬೆಳಕು. ಜುಲೈನಲ್ಲಿ ಸುದ್ದಿ ಹೊರಬೀಳುತ್ತಲೇ ಪತ್ರಿಕೆಗಳು ‘ಮೃತ್ಯುಕಿರಣ’ ಎಂದು ಬರೆದವು; ಮೈಮನ್‌ಗೆ ಅದು ಕಿರಿಕಿರಿ.

ಶಕ್ತಿಯ ಕೊರತೆ ನೀಗಿಸಿದವರಲ್ಲಿ ಮೊದಲಿಗರು ನಮ್ಮವರೇ ಒಬ್ಬರು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ಸಿ. ಕುಮಾರ್ ಪಟೇಲ್, 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದರು. ಅಲ್ಲಿಯತನಕ ಮಿಣುಕುತ್ತಿದ್ದ ಬೆಳಕು ಈಗ ಉಕ್ಕು ಕೊರೆಯತೊಡಗಿತು. ಈ ಹೆಸರು ನೆನಪಿರಲಿ, ಮತ್ತೆ ಬರುತ್ತದೆ.

ದೊಡ್ಡವರ ದೊಡ್ಡ ಕನಸು

ಅನಿಲವನ್ನು ರಾಕೆಟ್ ಎಂಜಿನ್ನಿನಂತೆ ಉರಿಸಿ, ಅದರಿಂದಲೇ ಲೇಸರ್ ಬೆಳಕು ತೆಗೆಯುವ ತಂತ್ರ ಬಂದ ಮೇಲೆ ಸೇನೆಗಳು ಬಾಯಿ ಚಪ್ಪರಿಸಿದವು. ಅಮೆರಿಕದ ವಾಯುಪಡೆ ಒಂದು ವಿಮಾನದ ಹೊಟ್ಟೆಗೆ ಅಂಥ ಲೇಸರ್ ತುಂಬಿಸಿ, 1983ರಲ್ಲಿ ಹಾರುತ್ತಲೇ ಐದು ಸೈಡ್‌ವೈಂಡರ್ ಕ್ಷಿಪಣಿಗಳನ್ನು ಕೆಡವಿತು. ಅದೇ ವರ್ಷದ ಮಾರ್ಚ್ 23ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಟಿ.ವಿ.ಯಲ್ಲಿ ಮಾತಾಡಿ, ಅಣ್ವಸ್ತ್ರಗಳನ್ನು ನಿಷ್ಫಲಗೊಳಿಸುವ ಕವಚ ಕಟ್ಟೋಣ ಎಂದರು. ಟೀಕಾಕಾರರು ಅದಕ್ಕೆ ಸಿನಿಮಾ ಹೆಸರಿಟ್ಟರು: ಸ್ಟಾರ್ ವಾರ್ಸ್. ಬಾಹ್ಯಾಕಾಶದಲ್ಲಿ ಲೇಸರ್ ಕೇಂದ್ರಗಳು, ಪರಮಾಣು ಬಾಂಬ್ ಸಿಡಿಸಿ ಅದರಿಂದ ಎಕ್ಸ್-ರೇ ಲೇಸರ್ ಹೊಮ್ಮಿಸುವ ಯೋಜನೆ, ಹೀಗೆ ಪಟ್ಟಿ ಬೆಳೆಯಿತು.

ಇತ್ತ ಸೋವಿಯತ್ ಒಕ್ಕೂಟದ ಬಗ್ಗೆ ಪೆಂಟಗನ್ ಹೊರತರುತ್ತಿದ್ದ ಪುಸ್ತಿಕೆಗಳಲ್ಲಿ, ಕಜಾಕ್‌ಸ್ತಾನದ ಸಾರಿ ಶಗಾನ್ ಎಂಬಲ್ಲಿನ ಗುಮ್ಮಟದಿಂದ ಕಿರಣವೊಂದು ಆಕಾಶ ಸೀಳುವ ವರ್ಣಚಿತ್ರ ಇರುತ್ತಿತ್ತು. ಉಪಗ್ರಹ ಹೊಡೆಯುವ ಲೇಸರ್ ಅಲ್ಲಿದೆ ಎಂಬ ಭಯ. 1989ರ ಜುಲೈನಲ್ಲಿ, ಗೋರ್ಬಚೆವ್ ಕಾಲದ ಬಿಸುಪಿನಲ್ಲಿ, ಅಮೆರಿಕದ ಸಂಸದರು ಮತ್ತು ವಿಜ್ಞಾನಿಗಳ ತಂಡಕ್ಕೆ ಆ ಬಾಗಿಲು ತೆರೆಯಿತು. ಒಳಗಿದ್ದ ಲೇಸರ್ ನೋಡಿ ಬಂದವರು ಹೇಳಿದ್ದು: ಇದರಿಂದ ಉಪಗ್ರಹ ಉರುಳಿಸುವುದು ಆಗದ ಮಾತು. ಅದರ ಬಲ ಕಿಲೋವಾಟ್‌ಗಳ ಲೆಕ್ಕದ್ದು. ಚಿತ್ರ ಬರೆದ ಕಲಾವಿದನ ಕುಂಚಕ್ಕೇ ಹೆಚ್ಚು ಬಲವಿತ್ತು ಎನ್ನಬೇಕು.

ಅದಕ್ಕೆ ಎರಡು ವರ್ಷ ಮುಂಚೆಯೇ, 1987ರಲ್ಲಿ, ಅಮೆರಿಕದ ಭೌತವಿಜ್ಞಾನಿಗಳ ಸಂಘ ರೇಗನ್ ಕನಸನ್ನು ಅಳೆದು ತೂಗಿ ಒಂದು ದಪ್ಪ ವರದಿ ಹೊರತಂದಿತ್ತು. ಬೇಕಾದ ಶಕ್ತಿಗೂ ಇರುವ ಶಕ್ತಿಗೂ ನೂರಾರು ಪಟ್ಟು ಅಂತರವಿದೆ. ಇದು ಆಗುತ್ತದೋ ಇಲ್ಲವೋ ಎಂದು ತಿಳಿದು ಹೇಳಲಿಕ್ಕೇ ಇನ್ನೂ ದಶಕದಷ್ಟು ಅಥವಾ ಅದಕ್ಕೂ ಹೆಚ್ಚು ಸಂಶೋಧನೆ ಬೇಕು ಎಂಬುದು ಅದರ ಸಾರ. ಆ ಅಧ್ಯಯನದ ಇಬ್ಬರು ಮುಖ್ಯಸ್ಥರಲ್ಲಿ ಒಬ್ಬರು ನೊಬೆಲ್ ವಿಜೇತ ನಿಕೊಲಾಸ್ ಬ್ಲೂಂಬರ್ಗನ್. ಇನ್ನೊಬ್ಬರು ಬಾರಾಮತಿಯ ಅದೇ ಕುಮಾರ್ ಪಟೇಲ್. ತಾವೇ ಕಂಡುಹಿಡಿದ ಲೇಸರಿನ ವಂಶದ ಮೇಲೆ ಕಟ್ಟಿದ ಗೋಪುರಕ್ಕೆ ಪಾಯ ಸಾಲದು ಎಂದು ಹೇಳಲು ಅವರು ಹಿಂಜರಿಯಲಿಲ್ಲ. ವಿಜ್ಞಾನಿಗಳ ಜೀವನಚರಿತ್ರೆಗಳಲ್ಲಿ ಶೋಧಗಳಿಗೆ ಪುಟಗಟ್ಟಲೆ ಜಾಗ ಸಿಗುತ್ತದೆ. ಇಂಥ ‘ಇಲ್ಲ’ಗಳಿಗೆ ಯಾಕೋ ಒಂದು ಸಾಲೂ ಕಷ್ಟ.

ಆದರೂ ಕನಸು ಬಿಡಲಿಲ್ಲ. ಅದರ ಕೊನೆಯ, ಅತಿ ದುಬಾರಿ ರೂಪ ‘ವೈಎಎಲ್-1’. ಬೋಯಿಂಗ್ 747 ಜಂಬೋ ವಿಮಾನದ ಮೂಗು ಕತ್ತರಿಸಿ, ಅಲ್ಲಿ ಒಂದೂವರೆ ಮೀಟರ್ ಅಗಲದ ಕನ್ನಡಿಯಿರುವ ತಿರುಗುವ ಗುಮ್ಮಟ ಕೂರಿಸಿದರು. ಹಿಂಭಾಗದಲ್ಲಿ ಆರು ಲೇಸರ್ ಘಟಕಗಳು, ಒಂದೊಂದೂ ಕಾರಿನಷ್ಟು ದೊಡ್ಡವು. ಇಂಧನ ಎಂದರೆ ಕ್ಲೋರಿನ್ ಅನಿಲ, ಹೈಡ್ರೋಜನ್ ಪೆರಾಕ್ಸೈಡ್, ಅಯೋಡಿನ್. ಕ್ಲೋರಿನ್ ತುಂಬಿಕೊಂಡು ಶತ್ರುದೇಶದ ಅಂಚಿನಲ್ಲಿ ಗಿರಕಿ ಹೊಡೆಯಬೇಕಾದ ವಿಮಾನ! ಮೊದಲು ಎರಡು ಸಣ್ಣ ಲೇಸರ್‌ಗಳು ಹೋಗಿ, ಒಂದು ಗುರಿ ಹಿಡಿದು, ಇನ್ನೊಂದು ನಡುವಿನ ಗಾಳಿಯ ಕದಡುವಿಕೆ ಅಳೆದು ತಿಳಿಸಬೇಕು. ಅದಕ್ಕೆ ತಕ್ಕಂತೆ ಕನ್ನಡಿ ತನ್ನ ಮೈಯನ್ನು ಸೂಕ್ಷ್ಮವಾಗಿ ಡೊಂಕಿಸಿಕೊಳ್ಳಬೇಕು. ಆಮೇಲೆ ದೊಡ್ಡ ಕಿರಣ. 2010ರ ಫೆಬ್ರುವರಿ 11ರಂದು ಕ್ಯಾಲಿಫೋರ್ನಿಯಾ ಕರಾವಳಿಯಾಚೆ, ಮೇಲೇರುತ್ತಿದ್ದ ಕಡಿಮೆ ದೂರದ ಬ್ಯಾಲಿಸ್ಟಿಕ್ ಕ್ಷಿಪಣಿಯೊಂದನ್ನು ಅದು ನಿಜಕ್ಕೂ ಸುಟ್ಟು ಒಡೆಯಿತು. ಎಂಜಿನಿಯರಿಂಗ್ ಲೆಕ್ಕದಲ್ಲಿ ಇದು ಪವಾಡಕ್ಕೆ ಹತ್ತಿರ. ಸೇನೆಯ ಲೆಕ್ಕದಲ್ಲಿ ಮಾತ್ರ ಗೆಲ್ಲಲಿಲ್ಲ. ಲೇಸರಿಗೆ ಈಗಿರುವುದಕ್ಕಿಂತ ಇಪ್ಪತ್ತು ಮೂವತ್ತು ಪಟ್ಟು ಬಲ ಬೇಕು, ಇಲ್ಲವಾದರೆ ವಿಮಾನ ಇರಾನಿನ ಗಡಿಯೊಳಗೇ ಸುತ್ತಬೇಕಾಗುತ್ತದೆ ಎಂದು ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಅದಕ್ಕೂ ಮೊದಲೇ ಸಂಸತ್ತಿಗೆ ಹೇಳಿದ್ದರು. ಸುಮಾರು 500 ಕೋಟಿ ಡಾಲರ್ ನುಂಗಿದ ಯೋಜನೆ 2011ರ ಕೊನೆಗೆ ಮುಗಿಯಿತು. 2014ರಲ್ಲಿ ವಿಮಾನವನ್ನು ಅರಿಜೋನಾದಲ್ಲಿ ಗುಜರಿಗೆ ಒಡೆದರು.

ಪೀಣ್ಯದ ಯಂತ್ರವೇ ತುಪಾಕಿಯಾದದ್ದು

ಬೆಂಗಳೂರಿನ ಪೀಣ್ಯದಲ್ಲಿ ಯಾವುದಾದರೂ ಲೇಸರ್ ಕಟ್ಟಿಂಗ್ ಶಾಪಿಗೆ ಹೊಕ್ಕು ನೋಡಿ. ಬಣ್ಣದ ಗಾಜಿನ ಹಿಂದೆ ಕತ್ತರಿಸುವ ತಲೆ ತಗಡಿನ ಮೇಲೆ ಸರಸರ ಓಡುತ್ತಿರುತ್ತದೆ. ಅದರ ಮೂತಿಗೂ ತಗಡಿಗೂ ನಡುವೆ ಒಂದು ಮಿಲಿಮೀಟರಿನಷ್ಟು ಸಂದು. ಒತ್ತಡದಲ್ಲಿ ಹಾಯುವ ನೈಟ್ರೋಜನ್ನಿನ ಸೀಟಿ ಕಿವಿಗೆ ಬಡಿಯುತ್ತದೆ. ಕರಗಿದ ಉಕ್ಕು ಕಿಡಿಯಾಗಿ ಕೆಳಗೆ ಸುರಿಯುತ್ತದೆ. ಕಂಪ್ಯೂಟರಿನಲ್ಲಿ ಬರೆದ ಆಕಾರ ಕ್ಷಣದಲ್ಲಿ ಕಳಚಿ ಬೀಳುತ್ತದೆ. ಆಪರೇಟರ್ ಫೋನಿನಲ್ಲಿ ಯಾರದೋ ಜೊತೆ ಬಿಲ್ಲಿನ ಬಗ್ಗೆ ಮಾತಾಡುತ್ತಿರುತ್ತಾನೆ. ಯಂತ್ರದ ಮೇಲೆ ಮೂರು ಕಿಲೋವಾಟ್, ಆರು ಕಿಲೋವಾಟ್ ಎಂದು ಬರೆದಿರುತ್ತದೆ. ಲಿಫ್ಟಿನ ಬಾಗಿಲು, ಎಲೆಕ್ಟ್ರಿಕ್ ಪ್ಯಾನೆಲ್, ಬಸ್ಸಿನ ಸೀಟಿನ ಬ್ರ್ಯಾಕೆಟ್ಟು ಎಲ್ಲ ಇಲ್ಲೇ ಹುಟ್ಟುತ್ತವೆ.

ಈ ಯಂತ್ರದ ಹೃದಯ ಫೈಬರ್ ಲೇಸರ್. ಇಟರ್ಬಿಯಂ ಎಂಬ ಲೋಹದ ಅಂಶ ಬೆರೆಸಿದ ಗಾಜಿನ ಎಳೆಯೊಳಗೆ ಸಣ್ಣ ಸಣ್ಣ ಡಯೋಡ್‌ಗಳ ಬೆಳಕು ತುಂಬುತ್ತಾರೆ. ಇನ್ನೊಂದು ತುದಿಯಲ್ಲಿ ಅದು ಲೇಸರ್ ಆಗಿ ಹೊರಬರುತ್ತದೆ. ಕ್ಲೋರಿನ್ ಇಲ್ಲ, ಟ್ಯಾಂಕಿಲ್ಲ, ಪ್ಲಗ್ ಹಾಕಿದರೆ ಸಾಕು. ಎಳೆ ಉದ್ದ ಮತ್ತು ತೆಳ್ಳಗಿರುವುದರಿಂದ ಶಾಖ ಬೇಗ ಹೊರಬೀಳುತ್ತದೆ. ಬೆಳಕು ಎಳೆಯೊಳಗೇ ಹರಿಯುವುದರಿಂದ ಕನ್ನಡಿ ಅಲುಗಿತು ಎಂಬ ಗೋಳಿಲ್ಲ. ಸೋವಿಯತ್ ಭೌತವಿಜ್ಞಾನಿ ವ್ಯಾಲೆಂಟಿನ್ ಗಪೊಂಟ್ಸೆವ್ ಒಕ್ಕೂಟ ಕುಸಿಯುತ್ತಿದ್ದ ಕಾಲದಲ್ಲಿ ಕಟ್ಟಿದ ಐಪಿಜಿ ಎಂಬ ಕಂಪನಿ ಇದನ್ನು ಪ್ರಯೋಗಾಲಯದಿಂದ ಕಾರ್ಖಾನೆಗೆ ತಂದಿತು. ಅಲ್ಲಿ ಕಾರು ಕಂಪನಿಗಳು, ತಗಡು ಕೆಲಸದವರು ಕೊಂಡರು. ಬೆಲೆ ಇಳಿಯಿತು, ಬಲ ಏರಿತು. ಸ್ಟಾರ್ ವಾರ್ಸ್‌ನ ಕೋಟಿಗಳು ಮಾಡಲಾಗದ್ದನ್ನು ವೆಲ್ಡಿಂಗ್ ಮಾರುಕಟ್ಟೆ ಸದ್ದಿಲ್ಲದೆ ಮಾಡಿತು.

ಅಮೆರಿಕದ ನೌಕಾಪಡೆಗೆ ಇದು ಕಂಡಿತು. ಮಾರುಕಟ್ಟೆಯಲ್ಲಿ ಸಿಗುವ ಆರು ವೆಲ್ಡಿಂಗ್ ಲೇಸರ್‌ಗಳನ್ನು ಕೊಂಡು, ಆರರ ಕಿರಣವೂ ಒಂದೇ ಕಡೆ ಬೀಳುವಂತೆ ದೂರದರ್ಶಕಕ್ಕೆ ಜೋಡಿಸಿ, 2014ರಲ್ಲಿ ‘ಪಾನ್ಸೆ’ ಎಂಬ ಹಳೆಯ ಹಡಗಿನ ಮೇಲಿಟ್ಟು ಪರ್ಷಿಯನ್ ಕೊಲ್ಲಿಗೆ ಕಳಿಸಿತು. ಬಲ ಸುಮಾರು 30 ಕಿಲೋವಾಟ್. ನಾವಿಕರು ಅದನ್ನು ವಿಡಿಯೊ ಗೇಮಿನಂಥದೇ ಕಂಟ್ರೋಲರ್ ಹಿಡಿದು ನಡೆಸುತ್ತಿದ್ದರು. ಡ್ರೋನ್ ಬಿತ್ತು, ದೋಣಿಯ ಮೇಲಿಟ್ಟ ಗುರಿ ಸಿಡಿಯಿತು. ಮೆಗಾವಾಟಿನ ಕನಸಿನಿಂದ ಮೂವತ್ತು ಕಿಲೋವಾಟಿನ ವಾಸ್ತವಕ್ಕೆ ಇಳಿದದ್ದೇ ಈ ಅಸ್ತ್ರದ ನಿಜವಾದ ಜಿಗಿತ ಎಂಬುದು ನನ್ನ ಅಭಿಪ್ರಾಯ.

ಇಳಿಯಲು ಸಾಧ್ಯವಾದದ್ದು ಯಾಕೆಂದರೆ, ಗುರಿಯೂ ಇಳಿದು ಬಂತು. ಶೀತಲ ಸಮರದಲ್ಲಿ ಹೊಡೆಯಬೇಕಾಗಿದ್ದದ್ದು ನೂರಾರು ಕಿಲೋಮೀಟರ್ ದೂರದ, ಲೋಹದ ಮೈಯ, ಶಬ್ದಕ್ಕಿಂತ ಹಲವು ಪಟ್ಟು ವೇಗದ ಕ್ಷಿಪಣಿ. ಇಂದು ಹೊಡೆಯಬೇಕಾಗಿರುವುದು ಒಂದೆರಡು ಕಿಲೋಮೀಟರ್ ದೂರದಲ್ಲಿ, ಪ್ಲಾಸ್ಟಿಕ್ಕು ಮತ್ತು ಥರ್ಮಕೋಲ್ ಮೈಯ, ಬೈಕಿನ ವೇಗದಲ್ಲಿ ಬರುವ ಡ್ರೋನ್. ರೆಕ್ಕೆಯ ಬುಡ ಕರಗಿದರೆ ಸಾಕು, ಬ್ಯಾಟರಿ ಹೊತ್ತಿಕೊಂಡರೆ ಸಾಕು, ಕ್ಯಾಮೆರಾ ಕುರುಡಾದರೂ ಸಾಕು. 2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಎರಡು ಸ್ಫೋಟಕ ಬೀಳಿಸಿ ಹೋದದ್ದು ಇಂಥ ಸಣ್ಣ ಡ್ರೋನ್‌ಗಳೇ. 2025ರ ಮೇನಲ್ಲಿ ‘ಆಪರೇಷನ್ ಸಿಂಧೂರ’ದ ರಾತ್ರಿಗಳಲ್ಲಿ ಪಶ್ಚಿಮ ಗಡಿಯುದ್ದಕ್ಕೂ ಗುಂಪುಗುಂಪಾಗಿ ಬಂದವೂ ಡ್ರೋನ್‌ಗಳೇ.

ಕಾಲು ಕಿಲೋಮೀಟರಾದರೆ ಸರಿ, ಐದಾದರೆ?

ಪೀಣ್ಯದ ಯಂತ್ರಕ್ಕೂ ಯುದ್ಧದ ಯಂತ್ರಕ್ಕೂ ನಡುವೆ ಇರುವುದು ಆ ಸಂದು. ಅಲ್ಲಿ ಒಂದು ಮಿಲಿಮೀಟರ್, ಇಲ್ಲಿ ಐದು ಕಿಲೋಮೀಟರ್. ಅಲ್ಲಿ ತಗಡು ಓಡಿಹೋಗುವುದಿಲ್ಲ.

ಲೇಸರ್ ನೂಲಿನಂತೆ ನೇರ ಹೋಗುತ್ತದೆ ಎಂಬುದು ಅರ್ಧ ಸತ್ಯ. ಬೆಳಕು ಯಾವ ಕನ್ನಡಿಯಿಂದ ಹೊರಟರೂ ಒಂದಿಷ್ಟು ಹರಡಿಯೇ ಹರಡುತ್ತದೆ. ಕನ್ನಡಿ ದೊಡ್ಡದಾದಷ್ಟೂ ಹರಡುವಿಕೆ ಕಡಿಮೆ. ಮೂವತ್ತು ಸೆಂಟಿಮೀಟರ್ ಅಗಲದ ಕನ್ನಡಿಯಿಂದ ಹೊರಟ ಫೈಬರ್ ಲೇಸರ್ ಕಿರಣ ಐದು ಕಿಲೋಮೀಟರ್ ದೂರದಲ್ಲಿ, ಎಲ್ಲವೂ ಸರಿಯಿದ್ದರೆ, ನಾಲ್ಕು ಸೆಂಟಿಮೀಟರ್ ಅಗಲದ ಚುಕ್ಕೆಯಾಗುತ್ತದೆ. ಅಷ್ಟರೊಳಗೆ 30 ಕಿಲೋವಾಟ್ ಸುರಿದರೆ ನಡು ಮಧ್ಯಾಹ್ನದ ಬಿಸಿಲಿಗಿಂತ ಇಪ್ಪತ್ತು ಸಾವಿರ ಪಟ್ಟು ತೀಕ್ಷ್ಣ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಆ ಚುಕ್ಕೆ ಹಾರುವ ಡ್ರೋನಿನ ಒಂದೇ ಜಾಗದ ಮೇಲೆ ಮೂರು, ನಾಲ್ಕು, ಐದು ಸೆಕೆಂಡು ಅಲುಗದೆ ಕೂರಬೇಕು. ಒಂದು ಡಿಗ್ರಿಯ ಸಾವಿರದ ಒಂದು ಪಾಲು ಕೈ ನಡುಗಿದರೂ ಅಷ್ಟು ದೂರದಲ್ಲಿ ಕಿರಣ ಒಂಬತ್ತು ಸೆಂಟಿಮೀಟರ್ ಆಚೆ ಬೀಳುತ್ತದೆ. ಚುಕ್ಕೆಯ ಅಗಲಕ್ಕಿಂತ ಹೆಚ್ಚು. ಶಾಖ ಹರಡಿ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ. ಆದ್ದರಿಂದ ಈ ಅಸ್ತ್ರದಲ್ಲಿ ಲೇಸರಿನಷ್ಟೇ ಕಷ್ಟದ ಕೆಲಸ ಅದನ್ನು ಹೊತ್ತು ತಿರುಗುವ ದೂರದರ್ಶಕದ್ದು, ಗುರಿ ಹಿಡಿಯುವ ಕ್ಯಾಮೆರಾದ್ದು. ಓಡುವ ಟ್ರಕ್ಕಿನ ಮೇಲೆ, ತೂಗುವ ಹಡಗಿನ ಮೇಲೆ ಇದನ್ನು ಸಾಧಿಸಬೇಕು.

ಆಮೇಲೆ ಗಾಳಿ. ನಕ್ಷತ್ರ ಮಿನುಗುವುದು ಯಾಕೆಂದು ಶಾಲೆಯಲ್ಲಿ ಓದಿದ್ದೇವೆ. ಅದೇ ಕದಡುವಿಕೆ ಕಿರಣವನ್ನೂ ಚೆದುರಿಸುತ್ತದೆ. ಇನ್ನೊಂದು ಚೇಷ್ಟೆ ಇನ್ನೂ ಸ್ವಾರಸ್ಯಕರ. ಕಿರಣ ಹಾಯುವ ದಾರಿಯ ಗಾಳಿ ತಾನೂ ಒಂದಿಷ್ಟು ಶಾಖ ಹೀರಿ ಬಿಸಿಯಾಗುತ್ತದೆ, ಬಿಸಿಗಾಳಿ ಮಸೂರದಂತೆ ವರ್ತಿಸಿ ಕಿರಣವನ್ನು ಅಗಲಿಸುತ್ತದೆ. ಲೇಸರ್ ಬಲವಾದಷ್ಟೂ ಈ ಕಾಟ ಹೆಚ್ಚು. ಗುರಿ ಅಡ್ಡಡ್ಡ ಓಡುತ್ತಿದ್ದರೆ ಕಿರಣವೂ ಸರಿಯುತ್ತ ಹೊಸ ತಣ್ಣನೆ ಗಾಳಿ ಸಿಗುತ್ತದೆ. ಡ್ರೋನ್ ನೇರ ಎದೆಗೇ ನುಗ್ಗಿ ಬರುವಾಗ, ಅಂದರೆ ಅಸ್ತ್ರ ಎಲ್ಲಕ್ಕಿಂತ ಜರೂರಾಗಿ ಬೇಕಾದಾಗಲೇ, ಕಿರಣ ಅದೇ ಕಾದ ಗಾಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಲ ಹೆಚ್ಚಿಸಿಬಿಡಿ, ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಭೌತಶಾಸ್ತ್ರ ಕೊಡುವ ಉತ್ತರ ಇದು.

ಮೋಡ, ಮಂಜು, ದೂಳು, ಮಳೆಗಳ ಮಾತು ಬೇರೆ. ಇನ್ನು ಯಂತ್ರದೊಳಗಿನ ಶಾಖ: ಮೂವತ್ತು ಕಿಲೋವಾಟ್ ಬೆಳಕು ಹೊರಗೆ ಬರಲು ನೂರರ ಸುಮಾರಿಗೆ ವಿದ್ಯುತ್ ಒಳಗೆ ಹೋಗಬೇಕು, ಉಳಿದ ಎಪ್ಪತ್ತು ಶಾಖವಾಗಿ ಗಾಡಿಯೊಳಗೇ ಉಳಿಯುತ್ತದೆ. ಅಮೆರಿಕದ ಭೂಸೇನೆ 50 ಕಿಲೋವಾಟಿನ ಲೇಸರ್ ಹೊತ್ತ ಸ್ಟ್ರೈಕರ್ ವಾಹನಗಳನ್ನು 2024ರಲ್ಲಿ ಪಶ್ಚಿಮ ಏಷ್ಯಾಕ್ಕೆ ಕಳಿಸಿತು. ಅಲ್ಲಿಯ ಸೆಕೆ, ದೂಳು, ಕುಲುಕಾಟಗಳ ನಡುವೆ ಸೈನಿಕರ ಅನುಭವ ಪ್ರಯೋಗಾಲಯದ ಫಲಿತಾಂಶದ ಹಾಗಿರಲಿಲ್ಲ ಎಂದು ಸೇನೆಯ ಅಧಿಕಾರಿಗಳೇ ಒಪ್ಪಿಕೊಂಡರು.

ಎರಡು ಲೀಟರ್ ಪೆಟ್ರೋಲಿನ ಲೆಕ್ಕ

ಇಷ್ಟೆಲ್ಲ ತೊಡಕಿದ್ದರೂ ಸೇನೆಗಳು ಇದರ ಬೆನ್ನು ಬಿಡದಿರಲು ಕಾರಣ ದುಡ್ಡು. ಯೆಮನ್ನಿನ ಹೂಥಿಗಳು ಕೆಂಪು ಸಮುದ್ರದಲ್ಲಿ ಹಾರಿಬಿಟ್ಟ ಅಗ್ಗದ ಡ್ರೋನ್‌ಗಳನ್ನು ಉರುಳಿಸಲು ಅಮೆರಿಕದ ಹಡಗುಗಳು ಸುಮಾರು 20 ಲಕ್ಷ ಡಾಲರಿನ ಕ್ಷಿಪಣಿಗಳನ್ನು ಹಾರಿಸಿದವು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದರೆ ಇದೇ. ಇಸ್ರೇಲಿನ ‘ಐರನ್ ಡೋಮ್’ ಬಿಡುವ ಒಂದು ಕ್ಷಿಪಣಿಗೂ ನಲವತ್ತು ಐವತ್ತು ಸಾವಿರ ಡಾಲರ್. ಅದೇ ಲೇಸರಿನ ಒಂದು ಹೊಡೆತಕ್ಕೆ ಮೂರೂವರೆ ಡಾಲರ್ ಎಂದರು 2022ರಲ್ಲಿ ಅಲ್ಲಿಯ ಪ್ರಧಾನಿ ನಫ್ತಾಲಿ ಬೆನೆಟ್. ಬ್ರಿಟನ್ನಿನ ‘ಡ್ರ್ಯಾಗನ್‌ಫೈರ್’ಗೆ ಹತ್ತು ಪೌಂಡಿಗಿಂತ ಕಡಿಮೆ, ದಕ್ಷಿಣ ಕೊರಿಯಾದ್ದಕ್ಕೆ ಎರಡು ಸಾವಿರ ವಾನ್. ಕೆಲವು ಸೆಕೆಂಡು ಹಾಯಿಸಲು ಒಂದೆರಡು ಲೀಟರ್ ಪೆಟ್ರೋಲಿನ ಖರ್ಚು ಎಂದಿತು ಡಿಆರ್‌ಡಿಒ.

ಇದು ಕೂಡ ಹೆಚ್ಚೇ ಆಯಿತು. ನೂರು ಕಿಲೋವಾಟ್ ವಿದ್ಯುತ್ ಐದು ಸೆಕೆಂಡು ಎಳೆದರೆ ಒಂದು ಯೂನಿಟ್ಟಿನ ಏಳನೇ ಒಂದು ಭಾಗ. ಯೂನಿಟ್ಟಿಗೆ ಏಳು ರೂಪಾಯಿ ಎಂದು ಹಿಡಿದರೂ ಒಂದು ಡ್ರೋನಿಗೆ ಒಂದು ರೂಪಾಯಿ! ಆದರೆ ಬಂದೂಕಿನ ಬೆಲೆ ಬಿಟ್ಟು ಗುಂಡಿನ ಬೆಲೆ ಮಾತ್ರ ಹೇಳುವ ಈ ಲೆಕ್ಕ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ‘ಪಾನ್ಸೆ’ ಹಡಗಿನ ಆ ಒಂದು ಲೇಸರಿಗೆ, ಅದೂ ಮಾರುಕಟ್ಟೆಯ ಸಾಮಾನು ಹಾಕಿ ಮಾಡಿದ್ದಕ್ಕೆ, ಸುಮಾರು ನಾಲ್ಕು ಕೋಟಿ ಡಾಲರ್ ಖರ್ಚಾಗಿತ್ತು. ಕಿರಣದ ಕೈಗೆಟುಕುವ ದೂರ ಕಡಿಮೆಯಾದ್ದರಿಂದ ಒಂದು ಊರು ಕಾಯಲು ಹಲವು ಬೇಕು. ಒಂದು ಬಾರಿಗೆ ಒಂದೇ ಗುರಿ ಎಂಬ ಮಿತಿಯೂ ಇದೆ. ಗಂಟೆಗೆ 180 ಕಿಲೋಮೀಟರ್ ವೇಗದ ಡ್ರೋನ್ ಮೂರು ಕಿಲೋಮೀಟರ್ ಕ್ರಮಿಸಲು ಒಂದು ನಿಮಿಷ ಸಾಕು. ಸುಡಲು ಐದು ಸೆಕೆಂಡು, ಮುಂದಿನದಕ್ಕೆ ತಿರುಗಲು ಒಂದು ಎಂದರೆ ಆ ನಿಮಿಷದಲ್ಲಿ ಹತ್ತು. ಹನ್ನೊಂದನೆಯದು ತಲೆಯ ಮೇಲಿರುತ್ತದೆ. ದಾಳಿಕೋರನಿಗೂ ಈ ಗುಣಾಕಾರ ಬರುತ್ತದೆ.

ಹಾಗಾಗಿ ಲೇಸರನ್ನು ಯಾರೂ ಒಂಟಿಯಾಗಿ ನಿಲ್ಲಿಸುತ್ತಿಲ್ಲ. ಹೆಜ್ಬೊಲ್ಲಾದ ಡ್ರೋನ್‌ಗಳನ್ನು ಯುದ್ಧದಲ್ಲೇ ಲೇಸರಿನಿಂದ ಉರುಳಿಸಿದ್ದಾಗಿ 2025ರ ಮೇನಲ್ಲಿ ಇಸ್ರೇಲ್ ಬಹಿರಂಗಪಡಿಸಿತು. ಅವು ಕಡಿಮೆ ಬಲದ ಲೇಸರ್‌ಗಳು. ನೂರು ಕಿಲೋವಾಟ್ ದರ್ಜೆಯ ‘ಐರನ್ ಬೀಮ್’ ಅಲ್ಲಿಯ ಸೇನೆಯ ಕೈಸೇರಿದ್ದು ಅದೇ ವರ್ಷದ ಡಿಸೆಂಬರ್ ಕೊನೆಗೆ. ಅದರ ಜಾಗ ಐರನ್ ಡೋಮ್‌ನ ಪಕ್ಕ, ಅದರ ಬದಲಿಗಲ್ಲ.

ಒಂದು ಕಾನೂನಿನ ಮಾತು. ಮನುಷ್ಯನ ಕಣ್ಣನ್ನು ಶಾಶ್ವತವಾಗಿ ಕುರುಡಾಗಿಸಲೆಂದೇ ಮಾಡಿದ ಲೇಸರ್ ಅಸ್ತ್ರಗಳನ್ನು 1995ರಲ್ಲಿ ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ನಿಷೇಧಿಸಿತು. ಭಾರತವೂ ಅದಕ್ಕೆ ಬದ್ಧ. ರಣರಂಗದಲ್ಲಿ ಬಳಕೆ ಹಬ್ಬುವ ಮುನ್ನವೇ ಒಂದು ಆಯುಧಕ್ಕೆ ತಡೆ ಬಿದ್ದ ಅಪರೂಪದ ಪ್ರಸಂಗ ಅದು. ಆದರೆ ಡ್ರೋನಿನ ಕ್ಯಾಮೆರಾ ಮನುಷ್ಯನ ಕಣ್ಣಲ್ಲ. ಅದರ ಮೈಯಿಂದ ಚಿಮ್ಮಿದ ಕಾಣದ ಪ್ರತಿಫಲನ ಕೆಳಗಿನ ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬಿದ್ದರೆ ಎಂಬ ಪ್ರಶ್ನೆ ಆ ಒಪ್ಪಂದದ ನಿಷೇಧಕ್ಕೆ ಒಳಪಡುವುದಿಲ್ಲ. ಊರುಗಳ ನಡುವೆ ಇಂಥ ಯಂತ್ರ ನಿಲ್ಲಿಸುವ ಮೊದಲು ಯಾರಾದರೂ ಇದನ್ನು ಕೇಳಬೇಕು.

ಹೈದರಾಬಾದ್, ಬೆಂಗಳೂರು, ಬಂಗಾಳ ಕೊಲ್ಲಿ

ನಮ್ಮಲ್ಲಿ ಈ ವಿಷಯ ಬಂದಾಗಲೆಲ್ಲ ವಾಟ್ಸ್ಆ್ಯಪ್‌ನಲ್ಲಿ ‘ಕಾಳಿ’ ಎದ್ದು ಕೂರುತ್ತಾಳೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಆ ಯಂತ್ರ ಎಲೆಕ್ಟ್ರಾನ್‌ಗಳ ವೇಗವರ್ಧಕ. ಅದು ಲೇಸರೂ ಅಲ್ಲ, ವದಂತಿ ಹೇಳುವಂತೆ ಹಿಮಪರ್ವತ ಕರಗಿಸಿದ್ದೂ ಇಲ್ಲ. ನಿಜವಾದ ಕೆಲಸ ಸದ್ದಿಲ್ಲದೆ ನಡೆದದ್ದು ಮೊದಲು ದೆಹಲಿಯ ಲಾಸ್ಟೆಕ್ ಪ್ರಯೋಗಾಲಯದಲ್ಲಿ, ಈಗ ಹೈದರಾಬಾದಿನ ‘ಚೆಸ್’ ಎಂಬ ಅಧಿಕ ಶಕ್ತಿ ವ್ಯವಸ್ಥೆಗಳ ಕೇಂದ್ರದಲ್ಲಿ. ಕರ್ನೂಲಿನ ಯಂತ್ರಕ್ಕೆ ಕೈಜೋಡಿಸಿದ ಪ್ರಯೋಗಾಲಯಗಳಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಎಲ್‌ಆರ್‌ಡಿಇ ಕೂಡ ಇದೆ. ಅದರ ಕಸುಬು ರೇಡಾರ್. ವಿಲ್ಕಿನ್ಸ್ ಲೆಕ್ಕದಲ್ಲಿ ಬೇರೆಬೇರೆಯಾದ ಕಾಣುವ ಅಲೆ ಮತ್ತು ಕೊಲ್ಲುವ ಕಿರಣ ಇಲ್ಲಿ ಒಂದೇ ಗಾಡಿ ಹತ್ತಿವೆ: ರೇಡಾರ್ ತೋರಿಸದೆ ಲೇಸರಿಗೆ ದಿಕ್ಕಿಲ್ಲ. ಡ್ರೋನ್ ಪತ್ತೆ ಹಚ್ಚಿ, ಅದರ ಸಂಕೇತ ಕೆಡಿಸಿ, ಬೇಕಾದರೆ ಸಣ್ಣ ಲೇಸರಿನಿಂದ ಸುಡುವ ಡಿಆರ್‌ಡಿಒ ವ್ಯವಸ್ಥೆಯನ್ನು ತಯಾರಿಸಿ ಕೊಡಲು ಬೆಂಗಳೂರಿನದೇ ಬಿಇಎಲ್ ಜೊತೆ ನೌಕಾಪಡೆ 2021ರ ಆಗಸ್ಟ್‌ನಲ್ಲಿ ಒಪ್ಪಂದ ಮಾಡಿಕೊಂಡಿತು. ಅದಕ್ಕೂ ಒಂದು ವರ್ಷ ಮೊದಲು ಸ್ವಾತಂತ್ರ್ಯ ದಿನದಂದು ಅಂಥದೇ ಒಂದು ವ್ಯವಸ್ಥೆ ಕೆಂಪುಕೋಟೆಯ ಬಳಿ ಕಾವಲಿಗಿತ್ತು.

2025ರ ಆಗಸ್ಟ್ 23ರಂದು ಒಡಿಶಾ ಕರಾವಳಿಯಾಚೆ ಮೂರು ಗುರಿಗಳು ಒಟ್ಟಿಗೆ ಹಾರಿಬಂದವು: ವೇಗದ ಎರಡು ಮಾನವರಹಿತ ವಿಮಾನ, ಹಲವು ತಿರುಗುರೆಕ್ಕೆಗಳ ಒಂದು ಡ್ರೋನ್. ಎದುರಿಗಿದ್ದವು ಎರಡು ಬಗೆಯ ಕ್ಷಿಪಣಿ ಮತ್ತು ‘ಚೆಸ್’ನ ಲೇಸರ್, ಮೂರನ್ನೂ ಒಂದೇ ನಿಯಂತ್ರಣ ಕೇಂದ್ರ ನಡೆಸುತ್ತಿತ್ತು. ಮೂರೂ ಗುರಿ ನಾಶವಾದವು. ನನ್ನ ಮಟ್ಟಿಗೆ ಕರ್ನೂಲಿನದಕ್ಕಿಂತ ಇದು ದೊಡ್ಡ ಸುದ್ದಿ, ಯಾಕೆಂದರೆ ಇಲ್ಲಿ ಲೇಸರ್ ತನ್ನ ಅಳತೆಯ ಕೆಲಸಕ್ಕೆ, ತನ್ನ ಜೊತೆಗಾರರೊಡನೆ ನಿಂತಿತ್ತು. ಜೊತೆಗೆ ಅದು ಸಮುದ್ರದ ಗಾಳಿ.

ಚಿತ್ರದುರ್ಗವೂ ಕರ್ನೂಲೂ ಒಣ ನಾಡುಗಳು. ಲೇಸರಿಗೆ ಇಂಥ ತಿಳಿ ಆಕಾಶ ಎಂದರೆ ತವರುಮನೆ. ಕಾಯಬೇಕಾದ ಜಾಗಗಳು ಹಾಗಿಲ್ಲ. ಜನವರಿಯ ಅಮೃತಸರದಲ್ಲಿ ಹತ್ತು ಮಾರು ಆಚೆಗಿನದು ಕಾಣದ ಮಂಜು, ಮೇ ತಿಂಗಳ ಜೈಸಲ್ಮೇರದಲ್ಲಿ ದೂಳು, ಜುಲೈನಲ್ಲಿ ಕಾರವಾರದ ಕದಂಬ ನೌಕಾನೆಲೆಯ ಮೇಲೆ ವಾರಗಟ್ಟಲೆ ಬಿಡದ ಮಳೆ. ಮುಂದಿನ ಪರೀಕ್ಷೆಯ ಪ್ರಕಟಣೆಯಲ್ಲಿ ಎಷ್ಟು ಕಿಲೋವಾಟ್ ಎಂಬುದರ ಜೊತೆಗೆ, ಅಂದು ಗಾಳಿಯಲ್ಲಿ ತೇವ ಎಷ್ಟಿತ್ತು, ಗುರಿ ಎಷ್ಟು ದೂರವಿತ್ತು, ಕಿರಣ ಎಷ್ಟು ಸೆಕೆಂಡು ಅದರ ಮೇಲೆ ನಿಲ್ಲಬೇಕಾಯಿತು ಎಂಬ ಮೂರು ಅಂಕಿಗಳನ್ನೂ ಕೊಟ್ಟರೆ, ಈ ಅಸ್ತ್ರ ನಮ್ಮ ಕೈಗೆ ಎಷ್ಟು ಬಂದಿದೆ ಎಂದು ಯಾವ ಟಿ.ವಿ. ಶೀರ್ಷಿಕೆಯ ಹಂಗೂ ಇಲ್ಲದೆ ತಿಳಿದುಬಿಡುತ್ತದೆ.